ಡಿಬಿಎ ಕೆಲಸದಿಂದ ಕ್ಲೌಡ್‌ಗೆ: ಮೊದಲು ರಿಸ್ಟೋರ್, ಆಮೇಲೆ ಸರ್ಟಿಫಿಕೇಟ್

"ಐದಾರು ವರ್ಷದಿಂದ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕಂಪನಿ ಈಗ ಕ್ಲೌಡ್‌ಗೆ ಹೋಗುತ್ತಿದೆ. ಯಾವ ಸರ್ಟಿಫಿಕೇಟ್ ಮಾಡಲಿ?" ಡಿಬಿಎಗಳಿಂದ, ಅಂದರೆ ಡೇಟಾಬೇಸ್ ನೋಡಿಕೊಳ್ಳುವವರಿಂದ, ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಇಷ್ಟು ದಿನ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆಯುತ್ತಿದ್ದೆ. ಇಲ್ಲಿ ಎಲ್ಲವನ್ನೂ ಒಂದೇ ಕಡೆ, ಕ್ರಮವಾಗಿ ಬರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪರೀಕ್ಷೆ ಈ ದಾರಿಯಲ್ಲಿ ಐದನೇ ಹಂತ. ಒಂದು ಡೇಟಾಬೇಸನ್ನು ಬೇಕಂತಲೇ ಹಾಳು ಮಾಡಿ, ಬ್ಯಾಕಪ್‌ನಿಂದ ನಿಮ್ಮ ಕೈಯಾರೆ ಮತ್ತೆ ಎಬ್ಬಿಸಿ ನಿಲ್ಲಿಸುವ, ಅಂದರೆ ರಿಸ್ಟೋರ್ ಮಾಡುವ ತನಕ ಪರೀಕ್ಷೆಗೆ ದುಡ್ಡು ಕಟ್ಟಬೇಡಿ. ಎಷ್ಟೋ ಜನ ಮೊದಲು ದಿನಾಂಕ ಬುಕ್ ಮಾಡುತ್ತಾರೆ, ಆಮೇಲೆ ವಿಡಿಯೊ ನೋಡುತ್ತಾರೆ, ಉತ್ತರಗಳನ್ನು ಬಾಯಿಪಾಠ ಮಾಡಿ ಪಾಸೂ ಆಗುತ್ತಾರೆ. ಆದರೆ ಇಂಟರ್‌ವ್ಯೂನಲ್ಲಿ "ಕಳೆದ ಸಲ ರಿಸ್ಟೋರ್ ಮಾಡಿದ್ದು ಯಾವಾಗ? ಎಷ್ಟು ಹೊತ್ತು ಹಿಡಿಯಿತು?" ಅಂತ ಕೇಳಿದರೆ ಅಲ್ಲಿಗೆ ಮಾತು ನಿಂತುಹೋಗುತ್ತದೆ.

ಏನೇನು ಬೇಕು

ಎಸ್‌ಕ್ಯೂಎಲ್ ಚೆನ್ನಾಗಿ ಬರಬೇಕು. ಜಾಯಿನ್, ಇಂಡೆಕ್ಸ್, ಟ್ರಾನ್ಸಾಕ್ಷನ್ ಇವುಗಳ ಬಗ್ಗೆ ಅನುಮಾನ ಇರಬಾರದು. ಲಿನಕ್ಸ್ ಕಮ್ಯಾಂಡ್‌ಲೈನ್ ಅಂದರೆ ಭಯ ಇರಬಾರದು. ಸಾಧಾರಣ ಲ್ಯಾಪ್‌ಟಾಪ್ ಸಾಕು. ಕ್ಲೌಡ್ ಖಾತೆ ತೆರೆಯಲು ಸಾಮಾನ್ಯವಾಗಿ ಒಂದು ಕಾರ್ಡ್ ಕೇಳುತ್ತಾರೆ. ದಿನಕ್ಕೆ ಒಂದು ಗಂಟೆಯಂತೆ ಮೂರು-ನಾಲ್ಕು ತಿಂಗಳು ಇಟ್ಟುಕೊಳ್ಳಿ. ಜೊತೆಗೆ ಒಂದು ನೋಟ್‌ಬುಕ್ ಇರಲಿ. ಮಾಡಿದ್ದು, ಕೆಟ್ಟದ್ದು, ಹಿಡಿದ ಸಮಯ ಎಲ್ಲ ಅದರಲ್ಲಿ ಬರೆಯಿರಿ. ಕೊನೆಗೆ ಸರ್ಟಿಫಿಕೇಟ್‌ಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಆ ನೋಟ್‌ಬುಕ್ಕೇ.

ಹಂತ 1: ನಿಮ್ಮ ಕೈಯಲ್ಲಿ ಈಗ ಯಾವ ಡೇಟಾಬೇಸ್ ಇದೆ ನೋಡಿ

"ಯಾವ ಕ್ಲೌಡ್‌ಗೆ ಬೇಡಿಕೆ ಜಾಸ್ತಿ?" ಎಂಬಲ್ಲಿಂದ ಶುರು ಮಾಡಬೇಡಿ. ದಿನಾ ಮುಟ್ಟುವ ಡೇಟಾಬೇಸ್ ಯಾವುದೋ ಅಲ್ಲಿಂದ ಹೊರಡಿ. ಅರ್ಧ ವಿಷಯ ಆಗಲೇ ಗೊತ್ತಿದ್ದರೆ ಉಳಿದರ್ಧ ಕಲಿಯುವುದು ಸುಲಭ.

ನೀವು ಎಸ್‌ಕ್ಯೂಎಲ್ ಸರ್ವರ್‌ನವರಾದರೆ ಮೈಕ್ರೋಸಾಫ್ಟ್‌ನ ಡಿಪಿ-300 ಪರೀಕ್ಷೆ ನೇರವಾಗಿ ನಿಮಗೇ ಮಾಡಿದ್ದು. ಅದು ಪಾಸಾದರೆ ಅಜೂರ್ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಅಸೋಸಿಯೇಟ್ ಪ್ರಮಾಣಪತ್ರ ಸಿಗುತ್ತದೆ. ಅಜೂರ್ ಅಂದರೆ ಮೈಕ್ರೋಸಾಫ್ಟ್‌ನ ಕ್ಲೌಡ್. ಕ್ಲೌಡ್ ತೀರಾ ಹೊಸದು ಅನಿಸಿದರೆ ಮೊದಲು ಡಿಪಿ-900 ಎಂಬ ಆರಂಭದ ಮಟ್ಟದ ಪರೀಕ್ಷೆ ಬರೆಯಬಹುದು. ಅನುಭವ ಇರುವವರಿಗೆ ಅದು ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಒರಾಕಲ್‌ನವರಿಗೆ ಒರಾಕಲ್‌ನದೇ ದಾರಿ ಇದೆ. 19ಸಿ ಆವೃತ್ತಿಯ ಪ್ರೊಫೆಷನಲ್ ಪ್ರಮಾಣಪತ್ರಕ್ಕೆ 1ಝಡ್0-082 ಮತ್ತು 1ಝಡ್0-083 ಎಂಬ ಎರಡು ಪರೀಕ್ಷೆಗಳು. ಕ್ಲೌಡ್ ಕಡೆಗೆ ಒಸಿಐ ಫೌಂಡೇಷನ್ಸ್‌ನಿಂದ ಶುರು ಮಾಡಬಹುದು. ಒಸಿಐ ಅಂದರೆ ಒರಾಕಲ್‌ನ ಸ್ವಂತ ಕ್ಲೌಡ್.

ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ನೋಡಿಕೊಳ್ಳುವವರಿಗೆ ಎರಡು ದಾರಿ. ಗೂಗಲ್‌ನಲ್ಲಿ ಪ್ರೊಫೆಷನಲ್ ಕ್ಲೌಡ್ ಡೇಟಾಬೇಸ್ ಎಂಜಿನಿಯರ್ ಎಂಬ ಪರೀಕ್ಷೆ ಇದೆ. ಅದು ಪೂರ್ತಿ ಡೇಟಾಬೇಸ್‌ನವರಿಗೇ ಮೀಸಲು. ಎಡಬ್ಲ್ಯುಎಸ್, ಅಂದರೆ ಅಮೆಜಾನ್‌ನ ಕ್ಲೌಡ್‌ನಲ್ಲಾದರೆ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್. ಅದು ಡೇಟಾಬೇಸ್ ಪರೀಕ್ಷೆ ಅಲ್ಲ, ನಿಜ. ಆದರೆ ನಮ್ಮಂಥ ಡಿಬಿಎಗಳು ಸೋಲುವುದು ನೆಟ್‌ವರ್ಕ್ ಮತ್ತು ಅನುಮತಿಗಳ ವಿಷಯದಲ್ಲಿ. ಆ ಎರಡನ್ನೂ ಅದು ಚೆನ್ನಾಗಿ ತಿದ್ದಿ ಕಲಿಸುತ್ತದೆ.

ಎಚ್ಚರ: ಎಡಬ್ಲ್ಯುಎಸ್‌ನ ಡೇಟಾಬೇಸ್ ಸ್ಪೆಷಾಲಿಟಿ ಪರೀಕ್ಷೆಯನ್ನು 2024ರ ಏಪ್ರಿಲ್ ಕೊನೆಗೆ ನಿಲ್ಲಿಸಿಬಿಟ್ಟರು. ಅದರ ಪಾಠಗಳು ಇನ್ನೂ ಮಾರಾಟಕ್ಕೆ ಸಿಗುತ್ತವೆ. ಈಗ ತೆಗೆದುಕೊಂಡರೆ ಬರೆಯಲು ಪರೀಕ್ಷೆಯೇ ಇಲ್ಲ. ಅದರ ಬದಲಿಗೆ ಡೇಟಾ ಎಂಜಿನಿಯರ್ ಅಸೋಸಿಯೇಟ್ ಬಂದಿದೆ ಅಂತ ಕೆಲವರು ಹೇಳುತ್ತಾರೆ. ಅದು ಡೇಟಾವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಪೈಪ್‌ಲೈನ್‌ಗಳ ಪರೀಕ್ಷೆ. ಡಿಬಿಎ ಕೆಲಸವೇ ಬೇರೆ. ಹಾಗೆಯೇ ಮೈಕ್ರೋಸಾಫ್ಟ್‌ನ ಎಂಸಿಎಸ್‌ಎ ಸರಣಿಯೂ 2021ರ ಜನವರಿಗೆ ಮುಗಿಯಿತು. ಹಣ ಕಟ್ಟುವ ಮುಂಚೆ ಆ ಪರೀಕ್ಷೆ ಈಗಲೂ ಇದೆಯಾ ಅಂತ ಕಂಪನಿಯ ಅಧಿಕೃತ ಪುಟದಲ್ಲೇ ನೋಡಿಕೊಳ್ಳಿ.

ಎರಡು ಕ್ಲೌಡ್ ಒಟ್ಟಿಗೆ ಕಲಿಯಲು ಹೋಗಬೇಡಿ. ಒಂದನ್ನು ಸರಿಯಾಗಿ ಕಲಿತರೆ ಎರಡನೆಯದರಲ್ಲಿ ಹೆಸರುಗಳನ್ನಷ್ಟೇ ಹೊಸದಾಗಿ ಕಲಿಯುವುದು ಜಾಸ್ತಿ ಇರುತ್ತದೆ.

ಹಂತ 2: ಯಾವ ಕೆಲಸ ಕೈಬಿಟ್ಟು ಹೋಗುತ್ತದೆ, ಯಾವುದು ಉಳಿಯುತ್ತದೆ

ಕ್ಲೌಡ್‌ನಲ್ಲಿ ಡೇಟಾಬೇಸನ್ನು ಎರಡು ರೀತಿ ಇಡಬಹುದು. ಒಂದು, ವರ್ಚುವಲ್ ಮೆಷಿನ್ ತೆಗೆದುಕೊಂಡು ನೀವೇ ಇನ್‌ಸ್ಟಾಲ್ ಮಾಡುವುದು. ಇನ್ನೊಂದು ಮ್ಯಾನೇಜ್ಡ್ ಸರ್ವಿಸ್. ಅಂದರೆ ಆಪರೇಟಿಂಗ್ ಸಿಸ್ಟಮ್, ಡಿಸ್ಕ್, ಪ್ಯಾಚ್, ದಿನದ ಬ್ಯಾಕಪ್ ಎಲ್ಲವನ್ನೂ ಕ್ಲೌಡ್ ಕಂಪನಿಯೇ ನೋಡಿಕೊಳ್ಳುವ ವ್ಯವಸ್ಥೆ. ಎಡಬ್ಲ್ಯುಎಸ್‌ನ ಆರ್‌ಡಿಎಸ್ 2009ರಿಂದ ಇದೆ. ಅಜೂರ್ ಎಸ್‌ಕ್ಯೂಎಲ್, ಗೂಗಲ್‌ನ ಕ್ಲೌಡ್ ಎಸ್‌ಕ್ಯೂಎಲ್ ಕೂಡ ಇದೇ ಜಾತಿಯವು.

ಮೊದಲ ಸಲ ಬಂದವರಿಗೆ ಕೈ ಕಟ್ಟಿದ ಹಾಗೆ ಅನಿಸುತ್ತದೆ. ಆರ್‌ಡಿಎಸ್‌ನಲ್ಲಿ ಸರ್ವರ್‌ಗೆ ಲಾಗಿನ್ ಆಗಲು ಬರುವುದಿಲ್ಲ. ಪೋಸ್ಟ್‌ಗ್ರೆಸ್‌ನ ಪೂರ್ತಿ ಸೂಪರ್‌ಯೂಸರ್ ಅಧಿಕಾರವೂ ಸಿಗುವುದಿಲ್ಲ. ಅದರ ಬದಲಿಗೆ ಸ್ವಲ್ಪ ಕಡಿಮೆ ಅಧಿಕಾರದ ಒಂದು ರೋಲ್ ಕೊಡುತ್ತಾರೆ. ಕಾನ್ಫಿಗ್ ಫೈಲ್ ತೆರೆದು ತಿದ್ದಲು ಆಗುವುದಿಲ್ಲ. ಪ್ಯಾರಾಮೀಟರ್ ಗ್ರೂಪ್ ಎಂಬ ಪಟ್ಟಿಯಲ್ಲಿ ಬದಲಿಸಬೇಕು. ಅದರಲ್ಲಿ ಕೆಲವು ತಕ್ಷಣ ಜಾರಿಗೆ ಬರುತ್ತವೆ, ಕೆಲವು ರೀಬೂಟ್ ಮಾಡಿದ ಮೇಲೆ ಮಾತ್ರ. "ಬದಲಿಸಿದೆ, ಏನೂ ಆಗಲಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ರೀಬೂಟ್ ಮರೆತಿರುತ್ತಾರೆ.

ಹಾಗಾದರೆ ನಿಮಗೆ ಉಳಿಯುವುದೇನು? ಸ್ಕೀಮಾ, ಇಂಡೆಕ್ಸ್, ನಿಧಾನವಾದ ಕ್ವೆರಿ, ಯಾರಿಗೆ ಯಾವ ಅನುಮತಿ, ಎಷ್ಟು ದಿನದ ಬ್ಯಾಕಪ್ ಇಡಬೇಕು, ಕೆಟ್ಟಾಗ ಯಾವ ಕ್ಷಣಕ್ಕೆ ವಾಪಸ್ ಹೋಗಬೇಕು. ಇವು ಯಾವುವನ್ನೂ ಕ್ಲೌಡ್ ಕಂಪನಿ ನಿಮ್ಮ ಪರವಾಗಿ ತೀರ್ಮಾನ ಮಾಡುವುದಿಲ್ಲ.

ಇಲ್ಲಿ ಮೂರು ವಿಷಯಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಪರೀಕ್ಷೆಯಲ್ಲೂ ಇವು ಬರುತ್ತವೆ, ನಡುರಾತ್ರಿ ಫೋನ್ ಬಂದಾಗಲೂ ಇವೇ ಬರುತ್ತವೆ.

ಮೊದಲನೆಯದು, ಸ್ಟ್ಯಾಂಡ್‌ಬೈ ಬೇರೆ, ರೀಡ್ ರೆಪ್ಲಿಕಾ ಬೇರೆ. ಆರ್‌ಡಿಎಸ್‌ನ ಮಾಮೂಲಿ ಮಲ್ಟಿ-ಎಝಡ್ ವ್ಯವಸ್ಥೆಯಲ್ಲಿ ಬೇರೊಂದು ಅವೈಲಬಿಲಿಟಿ ಝೋನ್‌ನಲ್ಲಿ ಒಂದು ಸ್ಟ್ಯಾಂಡ್‌ಬೈ ಪ್ರತಿ ಇರುತ್ತದೆ. ಅವೈಲಬಿಲಿಟಿ ಝೋನ್ ಅಂದರೆ ಅದೇ ಪ್ರದೇಶದಲ್ಲಿ, ಆದರೆ ಬೇರೆ ವಿದ್ಯುತ್ ಸಂಪರ್ಕ, ಬೇರೆ ನೆಟ್‌ವರ್ಕ್ ಇರುವ ಪ್ರತ್ಯೇಕ ಡೇಟಾ ಸೆಂಟರ್. ಪ್ರತಿಯೊಂದು ಬರಹವೂ ಎರಡೂ ಕಡೆ ಸೇರಿದ ಮೇಲೆಯೇ ಕಮಿಟ್ ಆಗುತ್ತದೆ. ಮುಖ್ಯ ಸರ್ವರ್ ಬಿದ್ದರೆ ಸ್ಟ್ಯಾಂಡ್‌ಬೈ ಮುಂದೆ ಬರುತ್ತದೆ. ಆದರೆ ಅಲ್ಲಿಯವರೆಗೆ ಅದರಿಂದ ಒಂದು ಸಾಲನ್ನೂ ಓದಲು ಬರುವುದಿಲ್ಲ. ರೀಡ್ ರೆಪ್ಲಿಕಾ ಇರುವುದು ಓದುವುದಕ್ಕೇ. ಅದು ಮುಖ್ಯ ಸರ್ವರ್‌ಗಿಂತ ಸ್ವಲ್ಪ ಹಿಂದೆ ಉಳಿದಿರಬಹುದು.

ಎರಡನೆಯದು, ಇವೆರಡೂ ಬ್ಯಾಕಪ್ ಅಲ್ಲ. ತಪ್ಪಿ ಒಂದು ಟೇಬಲ್ ಅಳಿಸಿದರೆ ಆ ಅಳಿಸುವಿಕೆಯೂ ಅಷ್ಟೇ ನಿಷ್ಠೆಯಿಂದ ಪ್ರತಿಗಳಿಗೆ ಹೋಗಿ ಸೇರುತ್ತದೆ.

ಮೂರನೆಯದು ಪಾಯಿಂಟ್ ಇನ್ ಟೈಮ್ ರಿಸ್ಟೋರ್. ಅಂದರೆ "10:42ಕ್ಕೆ ಹೇಗಿತ್ತೋ ಹಾಗೆ ಕೊಡು" ಅಂತ ಕೇಳುವುದು. ಆರ್‌ಡಿಎಸ್‌ನಲ್ಲೂ ಅಜೂರ್ ಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲೂ ಇದು 35 ದಿನಗಳ ಹಿಂದಿನವರೆಗೆ ಸಾಧ್ಯ. ಆದರೆ ಅಷ್ಟು ದಿನದ ಬ್ಯಾಕಪ್ ಇಡು ಅಂತ ನೀವು ಮೊದಲೇ ಹೇಳಿರಬೇಕು. ಜೊತೆಗೆ ಇದನ್ನು ಮರೆಯಬೇಡಿ: ಹಳೆಯ ಡೇಟಾಬೇಸ್ ಇದ್ದಲ್ಲೇ ಹಿಂದಕ್ಕೆ ಹೋಗುವುದಿಲ್ಲ. ಪಕ್ಕದಲ್ಲಿ ಹೊಸದೊಂದು ಹುಟ್ಟುತ್ತದೆ, ಅದರ ವಿಳಾಸವೋ ಹೆಸರೋ ಬೇರೆ ಇರುತ್ತದೆ. ಅಪ್ಲಿಕೇಶನ್ ಅನ್ನು ಅದರ ಕಡೆಗೆ ತಿರುಗಿಸುವ ಕೆಲಸ ನಿಮ್ಮದು.

ಹಂತ 3: ಖಾತೆ ತೆರೆದ ದಿನವೇ ಮಾಡಬೇಕಾದ್ದು

ಇದಕ್ಕೆ ಅರ್ಧ ಗಂಟೆ ಸಾಕು. ಆದರೆ ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಮುಖ್ಯ ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ದಿನದ ಕೆಲಸಕ್ಕೆ ಬೇರೆ ಯೂಸರ್ ಮಾಡಿಕೊಳ್ಳಿ. ಒಂದೇ ರೀಜನ್, ಅಂದರೆ ಡೇಟಾ ಸೆಂಟರ್‌ಗಳಿರುವ ಪ್ರದೇಶ, ಆರಿಸಿ, ಅದರಲ್ಲೇ ಇರಿ. ಆಮೇಲೆ ಬಜೆಟ್ ಅಲರ್ಟ್ ಇಡಿ. ಅಲರ್ಟ್ ಸುಮ್ನೆ ಮೇಲ್ ಕಳಿಸುತ್ತದೆ, ಖರ್ಚನ್ನು ತಾನಾಗಿ ನಿಲ್ಲಿಸುವುದಿಲ್ಲ. ಇದು ಗೊತ್ತಿಲ್ಲದೆ ತುಂಬಾ ಜನ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ.

ಡೇಟಾಬೇಸ್ ಕನೆಕ್ಟ್ ಆಗುತ್ತಿಲ್ಲ ಅಂತ ಪೋರ್ಟನ್ನು ಇಡೀ ಇಂಟರ್‌ನೆಟ್‌ಗೆ ತೆರೆದಿಡಬೇಡಿ. ಪೋಸ್ಟ್‌ಗ್ರೆಸ್‌ನ 5432, ಮೈಎಸ್‌ಕ್ಯೂಎಲ್‌ನ 3306 ಎಂಬ ಪೋರ್ಟ್‌ಗಳನ್ನು ಹುಡುಕುತ್ತಾ ತಿರುಗುವ ಪ್ರೋಗ್ರಾಮ್‌ಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ನಿಮ್ಮ ಐಪಿ ವಿಳಾಸಕ್ಕೆ ಮಾತ್ರ ಅನುಮತಿ ಕೊಡಿ. ಪಾಸ್‌ವರ್ಡ್, ಆಕ್ಸೆಸ್ ಕೀ ಇವನ್ನು ಕೋಡ್ ಜೊತೆ ಗಿಟ್‌ನಲ್ಲಿ ಹಾಕಬೇಡಿ. ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಉಳಿದೇ ಇರುತ್ತದೆ.

ಹಂತ 4: ಹಾಳು ಮಾಡಿ, ಎಬ್ಬಿಸಿ

ಈ ಹಂತಕ್ಕೆ ಒಂದು ತಿಂಗಳು ಕೊಡಿ. ನಾನು ಪೋಸ್ಟ್‌ಗ್ರೆಸ್ ಇಟ್ಟುಕೊಂಡು ಹೇಳುತ್ತೇನೆ, ನಿಮ್ಮದು ಬೇರೆಯಾದರೂ ಕ್ರಮ ಇದೇ.

ಇರುವುದರಲ್ಲೇ ಅತಿ ಚಿಕ್ಕ ಮ್ಯಾನೇಜ್ಡ್ ಡೇಟಾಬೇಸ್ ಒಂದನ್ನು ಎಬ್ಬಿಸಿ. ಸ್ವಯಂಚಾಲಿತ ಬ್ಯಾಕಪ್ ಆನ್ ಇದೆಯಾ ನೋಡಿ. ಆರ್‌ಡಿಎಸ್‌ನಲ್ಲಿ ಉಳಿಸುವ ದಿನಗಳನ್ನು ಸೊನ್ನೆ ಅಂತ ಕೊಟ್ಟರೆ ಬ್ಯಾಕಪ್ಪೇ ಇರುವುದಿಲ್ಲ. ಆರ್ಡರ್‌ಗಳ ಒಂದು ಟೇಬಲ್ ಮಾಡಿ, ಅದರಲ್ಲಿ ಹತ್ತು ಲಕ್ಷ ಸಾಲು ತುಂಬಿಸಿ. ಒಟ್ಟು ಎಷ್ಟು ಸಾಲು, ಕೊನೆಯ ಸಾಲಿನ ಸಮಯ ಎಷ್ಟು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತು ನಿಮಿಷ ಬಿಟ್ಟು ವೇರ್ ಷರತ್ತು ಹಾಕದೆ ಡಿಲೀಟ್ ಓಡಿಸಿ. ಟೇಬಲ್ ಖಾಲಿ. ಗಡಿಯಾರ ನೋಡಿಕೊಳ್ಳಿ.

ಈಗ ಡಿಲೀಟ್‌ಗೆ ಒಂದು ನಿಮಿಷ ಹಿಂದಕ್ಕೆ ರಿಸ್ಟೋರ್ ಕೇಳಿ. ಆ ಸಮಯ ಇನ್ನೂ ಸಿಗುತ್ತಿಲ್ಲವಾದರೆ ಸ್ವಲ್ಪ ಕಾಯಬೇಕು. ಆರ್‌ಡಿಎಸ್ ಲಾಗ್‌ಗಳನ್ನು ಐದು ನಿಮಿಷಕ್ಕೊಮ್ಮೆ ಬ್ಯಾಕಪ್ ಜಾಗಕ್ಕೆ ಸಾಗಿಸುತ್ತದೆ. ಹೊಸ ಡೇಟಾಬೇಸ್ ಎದ್ದು, ನೀವು ಅದಕ್ಕೆ ಕನೆಕ್ಟ್ ಆಗಿ, ಸಾಲುಗಳನ್ನು ಎಣಿಸಿ, ನೋಟ್‌ಬುಕ್ಕಿನ ಸಂಖ್ಯೆಗೆ ತಾಳೆ ನೋಡುವ ತನಕ ಗಡಿಯಾರ ನಿಲ್ಲಿಸಬೇಡಿ.

ಆ ಒಟ್ಟು ಸಮಯಕ್ಕೆ ಆರ್‌ಟಿಒ ಜೊತೆ ಸಂಬಂಧ ಇದೆ. ಆರ್‌ಟಿಒ ಅಂದರೆ ವ್ಯವಸ್ಥೆ ಮತ್ತೆ ಏಳಲು ಎಷ್ಟು ಹೊತ್ತು ತಡೆದುಕೊಳ್ಳಬಹುದು ಎಂಬ ಮಿತಿ. ಆರ್‌ಪಿಒ ಅಂದರೆ ಎಷ್ಟು ಹೊತ್ತಿನ ಡೇಟಾ ಕಳೆದುಹೋದರೆ ಸಹಿಸಬಹುದು ಎಂಬ ಮಿತಿ. ಪುಸ್ತಕದಲ್ಲಿ ಓದಿದರೆ ಈ ಎರಡೂ ಕಲಸಿಹೋಗುತ್ತವೆ. ಗಡಿಯಾರ ಹಿಡಿದು ಒಮ್ಮೆ ಮಾಡಿದರೆ ಕಲಸುವುದಿಲ್ಲ.

ಇದರಲ್ಲಿ ಜನ ಎಡವುವ ನಾಲ್ಕು ಜಾಗ ಹೇಳುತ್ತೇನೆ.

ಸಮಯ ವಲಯ. ಕ್ಲೌಡ್‌ನ ಲಾಗ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿರುತ್ತವೆ, ನಿಮ್ಮ ಕೈಗಡಿಯಾರ ಸ್ಥಳೀಯ ಸಮಯದಲ್ಲಿರುತ್ತದೆ. ಎರಡನ್ನೂ ಬೆರೆಸಿದರೆ ಅಳಿಸಿದ ಮೇಲಿನ ಕ್ಷಣಕ್ಕೋ, ಎಷ್ಟೋ ಗಂಟೆ ಹಿಂದಕ್ಕೋ ರಿಸ್ಟೋರ್ ಆಗುತ್ತದೆ. ನೋಟ್‌ಬುಕ್ಕಿನಲ್ಲಿ ಎರಡೂ ಸಮಯ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಎದ್ದ ಕೂಡಲೇ ವೇಗ ಬರುವುದಿಲ್ಲ. ರಿಸ್ಟೋರ್ ಆದ ಆರ್‌ಡಿಎಸ್ "ಸಿದ್ಧ" ಅಂತ ತೋರಿಸಿದರೂ ಡೇಟಾ ಹಿನ್ನೆಲೆಯಲ್ಲಿ ಇನ್ನೂ ಬರುತ್ತಲೇ ಇರುತ್ತದೆ. ಮೊದಲ ಸಲ ಮುಟ್ಟುವ ಸಾಲುಗಳು ನಿಧಾನ. ಇದನ್ನು ಅಳೆದು ಬರೆದಿಡಿ.

ನೆಟ್‌ವರ್ಕ್ ನಿಯಮಗಳು. ಹೊಸ ಡೇಟಾಬೇಸ್ ಹಳೆಯದರ ಫೈರ್‌ವಾಲ್ ನಿಯಮ, ಪ್ಯಾರಾಮೀಟರ್‌ಗಳನ್ನೇ ಹಿಡಿದು ಬಂದಿದೆ ಅಂತ ನಂಬಬೇಡಿ. ಪ್ರತಿಸಲ ನೋಡಿ.

ಅನುಮತಿಗಳು. ಪೋಸ್ಟ್‌ಗ್ರೆಸ್‌ನ ಪಿಜಿ-ಡಂಪ್ ಎಂಬ ಪ್ರೋಗ್ರಾಮ್ ಒಂದು ಡೇಟಾಬೇಸಿನ ಟೇಬಲ್‌ಗಳದ್ದೂ ಡೇಟಾದ್ದೂ ಪ್ರತಿ (ಡಂಪ್) ತೆಗೆಯುತ್ತದೆ. ರೋಲ್‌ಗಳ, ಅಂದರೆ ಯೂಸರ್‌ಗಳ ಪಟ್ಟಿಯ, ಪ್ರತಿ ತೆಗೆಯುವುದಿಲ್ಲ. ಅದಕ್ಕೆ ಪಿಜಿ-ಡಂಪ್-ಆಲ್ ಬೇಕು. ನಾನು ಹಿಂದೆ ಇದ್ದ ಒಂದು ಕಡೆ ಡಂಪ್ ಪೂರ್ತಿ ಸರಿಯಾಗಿ ವಾಪಸ್ ಬಂತು, ಅಪ್ಲಿಕೇಶನ್‌ಗೆ ಮಾತ್ರ ಒಳಗೆ ಹೋಗಲು ಆಗಲಿಲ್ಲ. ಯಾವ ಯೂಸರ್‌ಗೆ ಏನು ಅನುಮತಿ ಇತ್ತು ಅಂತ ಯಾರೂ ಬರೆದಿಟ್ಟಿರಲಿಲ್ಲ. ಅಂದಿನಿಂದ ರೋಲ್‌ಗಳನ್ನು ಬೇರೆಯಾಗಿಯೇ ತೆಗೆದಿಡುತ್ತೇನೆ.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕೋಡ್ ಇಡುವ ಸೇವೆಯಲ್ಲಿ ಆದದ್ದು ನೋಡಿ. ರೆಪ್ಲಿಕೇಷನ್, ಅಂದರೆ ಮುಖ್ಯ ಸರ್ವರ್‌ನಿಂದ ಎರಡನೇ ಸರ್ವರ್‌ಗೆ ಡೇಟಾ ನಕಲಾಗುವುದರ, ತೊಂದರೆ ಸರಿಮಾಡಲು ತಡರಾತ್ರಿ ಕೂತಿದ್ದ ಎಂಜಿನಿಯರ್, ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಸರ್ವರ್‌ನ ಡೇಟಾ ಫೋಲ್ಡರ್ ಅಳಿಸಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ದಿನದ ಡಂಪ್ ಇದೆಯಲ್ಲ ಅಂತ ನೋಡಿದರೆ ಆ ಜಾಗ ಖಾಲಿ. ಡೇಟಾಬೇಸ್ 9.6 ಆವೃತ್ತಿ, ಡಂಪ್ ಮಾಡುವ ಪ್ರೋಗ್ರಾಮ್ 9.2 ಆವೃತ್ತಿ. ಡಂಪ್ ಪ್ರತಿಸಲ ವಿಫಲವಾಗುತ್ತಿತ್ತು. ವಿಫಲವಾಯಿತು ಎಂದು ತಿಳಿಸುವ ಮೇಲ್‌ಗಳೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕಾಗಿ ಆರು ಗಂಟೆ ಮುಂಚೆ ಕೈಯಿಂದ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕ್ ಆ ಕ್ಷಣಕ್ಕೆ ಹೇಗಿತ್ತೋ ಅದರ ಪ್ರತಿ, ಅವರನ್ನು ಉಳಿಸಿತು. ಇದೆಲ್ಲವನ್ನೂ ಅವರೇ ಮುಚ್ಚುಮರೆ ಇಲ್ಲದೆ ಪ್ರಕಟಿಸಿದ್ದಾರೆ. ಬ್ಯಾಕಪ್ ಮಾಡುವವರು ಕಡಿಮೆ ಇರಲಿಲ್ಲ. ವಾಪಸ್ ತಂದು ನೋಡಿದವರು ಇರಲಿಲ್ಲ, ಅಷ್ಟೇ.

ರಿಸ್ಟೋರ್ ಮೂರು ಸಲ ಸರಿಯಾಗಿ ಬಂದ ಮೇಲೆ ಉಳಿದವು ಬೇಗ ಆಗುತ್ತವೆ. ಬೇಕಂತಲೇ ಫೇಲ್‌ಓವರ್ ಮಾಡಿಸಿ, ಅಂದರೆ ಸ್ಟ್ಯಾಂಡ್‌ಬೈ ಮುಂದೆ ಬರುವ ಹಾಗೆ ಮಾಡಿ, ಎಷ್ಟು ಸೆಕೆಂಡು ಕನೆಕ್ಷನ್ ಕಡಿದಿತ್ತು ನೋಡಿ. ಒಂದು ನಿಧಾನ ಕ್ವೆರಿ ಬರೆದು, ಅದು ಹೇಗೆ ಓಡಿತು ಅಂತ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಓದಿ, ಇಂಡೆಕ್ಸ್ ಹಾಕಿ ಮತ್ತೆ ಅಳೆಯಿರಿ. ನಿಮ್ಮ ಲ್ಯಾಪ್‌ಟಾಪ್‌ನ ಡೇಟಾಬೇಸ್ ಒಂದನ್ನು ಕ್ಲೌಡ್‌ಗೆ ಸಾಗಿಸಿ.

ಎಚ್ಚರ: ಆರ್‌ಡಿಎಸ್ ಸ್ಟಾಪ್ ಮಾಡಿದರೆ ಬಿಲ್ ಪೂರ್ತಿ ನಿಲ್ಲುವುದಿಲ್ಲ, ಡಿಸ್ಕ್‌ನ ಖರ್ಚು ಇದ್ದೇ ಇರುತ್ತದೆ. ಅದೂ ಅಲ್ಲದೆ ಏಳು ದಿನ ಆದ ಮೇಲೆ ಅದು ತಾನಾಗಿಯೇ ಮತ್ತೆ ಶುರುವಾಗುತ್ತದೆ. ವಾರ ಬಿಟ್ಟು ಬರುವುದಾದರೆ ಅಳಿಸಿಯೇ ಹೋಗಿ. ಪ್ರತಿ ಪ್ರಯೋಗ ಮುಗಿದಾಗ ರಿಸ್ಟೋರ್‌ನಿಂದ ಹುಟ್ಟಿದ ಹೊಸ ಡೇಟಾಬೇಸ್‌ಗಳನ್ನೂ ಕೈಯಿಂದ ತೆಗೆದ ಸ್ನ್ಯಾಪ್‌ಶಾಟ್‌ಗಳನ್ನೂ ಹುಡುಕಿ ಅಳಿಸಿ.

ಹಂತ 5: ಪರೀಕ್ಷೆಗೆ ಓದುವುದು

ಮೊದಲು ಅಧಿಕೃತ ಎಕ್ಸಾಮ್ ಗೈಡ್ ಇಳಿಸಿಕೊಳ್ಳಿ. ಯಾವ ಭಾಗಕ್ಕೆ ಎಷ್ಟು ತೂಕ ಅಂತ ಅದರಲ್ಲೇ ಇರುತ್ತದೆ. ಎಡಬ್ಲ್ಯುಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್‌ನ ಎಸ್‌ಎಎ-ಸಿ03 ಆವೃತ್ತಿಯಲ್ಲಿ ಭದ್ರತೆಗೆ ಶೇ. 30, ಕೆಟ್ಟರೂ ನಿಲ್ಲದ ವಿನ್ಯಾಸಕ್ಕೆ ಶೇ. 26, ವೇಗಕ್ಕೆ ಶೇ. 24, ಖರ್ಚು ಕಡಿಮೆ ಮಾಡುವುದಕ್ಕೆ ಶೇ. 20. ಡಿಬಿಎಗಳು ಭದ್ರತೆಯ ಭಾಗವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಅದೇ ಎಲ್ಲಕ್ಕಿಂತ ದೊಡ್ಡದು, ಅಲ್ವಾ? ಅದರಿಂದಲೇ ಶುರು ಮಾಡಿ.

ಆ ಪರೀಕ್ಷೆಯಲ್ಲಿ 130 ನಿಮಿಷ, 65 ಪ್ರಶ್ನೆ. ಅದರಲ್ಲಿ 15 ಪ್ರಶ್ನೆಗೆ ಅಂಕ ಇಲ್ಲ, ಆದರೆ ಯಾವ ಹದಿನೈದು ಅಂತ ತಿಳಿಯುವುದಿಲ್ಲ. ಪಾಸಾಗಲು 1000ಕ್ಕೆ 720 ಬೇಕು. ಮೈಕ್ರೋಸಾಫ್ಟ್‌ನಲ್ಲಿ 700. ಇವನ್ನು ಶೇ. 72, ಶೇ. 70 ಅಂತ ಲೆಕ್ಕ ಹಾಕಬೇಡಿ. ಪ್ರಶ್ನೆಗಳ ಕಷ್ಟಕ್ಕೆ ತಕ್ಕ ಹಾಗೆ ಹೊಂದಿಸಿದ ಅಂಕ ಅವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ.

ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷ್‌ನಲ್ಲಿ ಪರೀಕ್ಷೆ ಬರೆಯುವ ನಮಗೆ ಮುಖ್ಯವಾದ ಒಂದು ಸೌಲಭ್ಯ ಇದೆ. ಇಂಗ್ಲಿಷ್ ತಾಯಿನುಡಿ ಅಲ್ಲದವರಿಗೆ ಎಡಬ್ಲ್ಯುಎಸ್ 30 ನಿಮಿಷ ಜಾಸ್ತಿ ಕೊಡುತ್ತದೆ. ಆದರೆ ದಿನಾಂಕ ಬುಕ್ ಮಾಡುವ ಮುಂಚೆಯೇ ಖಾತೆಯಲ್ಲಿ ಕೇಳಿಕೊಳ್ಳಬೇಕು. ಬುಕ್ ಮಾಡಿದ ಮೇಲೆ ನೆನಪಾದರೆ ಆ ಪರೀಕ್ಷೆಗೆ ಸಿಗುವುದಿಲ್ಲ. ಮೈಕ್ರೋಸಾಫ್ಟ್‌ನ ಡಿಪಿ-300 ತರಹದ ಪರೀಕ್ಷೆಗಳಲ್ಲಿ ಅವರದೇ ಲರ್ನ್ ಪುಟಗಳನ್ನು ತೆರೆದು ನೋಡಲು ಬಿಡುತ್ತಾರೆ. ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಒಂದೆರಡು ಅನುಮಾನ ತೀರಿಸಿಕೊಳ್ಳಲು ಅದು ಸಾಕು, ಅಲ್ಲೇ ಓದಿ ಬರೆಯಲು ಆಗುವುದಿಲ್ಲ.

ಅಭ್ಯಾಸ ಪ್ರಶ್ನೆ ಮಾಡುವಾಗ ಸರಿ ಉತ್ತರ ಗುರುತಿಸಿ ಮುಂದೆ ಹೋಗಬೇಡಿ. ಉಳಿದ ಮೂರು ಯಾಕೆ ತಪ್ಪು ಅಂತ ಒಂದೊಂದು ಸಾಲು ಬರೆಯಿರಿ. ಬರೆಯಲು ಆಗದಿದ್ದರೆ ಆ ವಿಷಯ ನಿಮಗೆ ಇನ್ನೂ ಬಂದಿಲ್ಲ.

ಸೋರಿದ ಪ್ರಶ್ನೆಗಳ ಗಂಟು, ಡಂಪ್ಸ್ ಅನ್ನುತ್ತಾರಲ್ಲ, ಅದನ್ನು ಮುಟ್ಟಬೇಡಿ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗುತ್ತದೆ, ಮುಂದಿನ ಪರೀಕ್ಷೆಗಳಿಗೂ ಬಾಗಿಲು ಮುಚ್ಚಬಹುದು. ಅವುಗಳಲ್ಲಿರುವ ಉತ್ತರಗಳಿಗೆ ಯಾರೂ ಹೊಣೆಯೂ ಅಲ್ಲ.

ಹಂತ 6: ಪರೀಕ್ಷೆಯ ದಿನ

ಮನೆಯಿಂದ ಬರೆಯುವುದಾದರೆ ಪ್ರಾಕ್ಟರ್, ಅಂದರೆ ಮೇಲ್ವಿಚಾರಕರು, ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಮೇಜು ಖಾಲಿ ಇರಬೇಕು, ಕೋಣೆಗೆ ಯಾರೂ ಬರಬಾರದು. ಪ್ರಶ್ನೆಯನ್ನು ಬಾಯಿಬಿಟ್ಟು ಓದುವ ಅಭ್ಯಾಸ ಇದ್ದರೆ ಈಗಲೇ ಬಿಡಿ, ಅದಕ್ಕೂ ಎಚ್ಚರಿಕೆ ಕೊಡುತ್ತಾರೆ. ನೋಂದಣಿಯ ಹೆಸರು ಗುರುತಿನ ಚೀಟಿಯ ಹೆಸರಿಗೆ ತಾಳೆಯಾಗಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ದರೆ ಮುಂಚೆಯೇ ಸರಿಪಡಿಸಿ. ಆಫೀಸ್ ಲ್ಯಾಪ್‌ಟಾಪ್ ಬೇಡ. ಅದರ ವಿಪಿಎನ್, ಫೈರ್‌ವಾಲ್‌ಗಳು ಪರೀಕ್ಷೆಯ ಸಾಫ್ಟ್‌ವೇರನ್ನು ತಡೆಯುತ್ತವೆ. ಹತ್ತಿರದಲ್ಲಿ ಪರೀಕ್ಷಾ ಕೇಂದ್ರ ಇದ್ದರೆ ಅಲ್ಲಿಗೆ ಹೋಗುವುದೇ ನೆಮ್ಮದಿ.

ಫೇಲಾದರೆ ಎಡಬ್ಲ್ಯುಎಸ್‌ನಲ್ಲಿ 14 ದಿನ ಕಾಯಬೇಕು. ಮೈಕ್ರೋಸಾಫ್ಟ್‌ನಲ್ಲಿ ಮೊದಲ ಸಲಕ್ಕೆ 24 ಗಂಟೆ. 24 ಗಂಟೆಯಲ್ಲಿ ಮತ್ತೆ ಬರೆಯಲು ಓಡಬೇಡಿ. ಅಂಕಪಟ್ಟಿಯಲ್ಲಿ ಯಾವ ಭಾಗ ದುರ್ಬಲ ಅಂತ ಇರುತ್ತದೆ, ಆ ಭಾಗವನ್ನು ನಾಲ್ಕನೇ ಹಂತದ ರೀತಿಯಲ್ಲಿ ಕೈಯಿಂದ ಮಾಡಿ ನೋಡಿ, ಆಮೇಲೆ ಹೋಗಿ.

ಹಂತ 7: ಪಾಸಾದ ಮೇಲೆ

ರೆಸ್ಯೂಮೆಯಲ್ಲಿ ಪ್ರಮಾಣಪತ್ರದ ಹೆಸರಿನ ಕೆಳಗೆ ನೋಟ್‌ಬುಕ್ಕಿನಿಂದ ಎರಡು ಸಾಲು ಸೇರಿಸಿ: ಎಷ್ಟು ದೊಡ್ಡ ಡೇಟಾಬೇಸ್, ಎಷ್ಟು ನಿಮಿಷದಲ್ಲಿ ಯಾವ ಕ್ಷಣಕ್ಕೆ ರಿಸ್ಟೋರ್ ಮಾಡಿದಿರಿ. ಅಭ್ಯಾಸಕ್ಕೆ ಮಾಡಿದ್ದಾದರೆ ಅಭ್ಯಾಸ ಅಂತಲೇ ಬರೆಯಿರಿ. ಇಂಟರ್‌ವ್ಯೂ ಮಾಡುವವರು ಅದನ್ನೇ ಹಿಡಿದು ಪ್ರಶ್ನೆ ಕೇಳುತ್ತಾರೆ, ಆ ಪ್ರಶ್ನೆಗಳಿಗೆ ನಿಮ್ಮಲ್ಲಿ ಉತ್ತರ ಇರುತ್ತದೆ.

ಅವಧಿಯ ಮೇಲೆ ಕಣ್ಣಿಡಿ. ಎಡಬ್ಲ್ಯುಎಸ್ ಪ್ರಮಾಣಪತ್ರ ಮೂರು ವರ್ಷ, ಗೂಗಲ್‌ನ ಪ್ರೊಫೆಷನಲ್ ಮಟ್ಟದ್ದು ಎರಡು ವರ್ಷ. ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಒಂದೇ ವರ್ಷ. ಆದರೆ ಅದರ ನವೀಕರಣಕ್ಕೆ ದುಡ್ಡಿಲ್ಲ, ಮೇಲ್ವಿಚಾರಕರೂ ಇರುವುದಿಲ್ಲ, ಮನೆಯಲ್ಲೇ ಕೂತು ಒಂದು ಚಿಕ್ಕ ಪರೀಕ್ಷೆ ಬರೆದರೆ ಆಯಿತು. ಮುಗಿಯುವ ದಿನಕ್ಕೆ ಆರು ತಿಂಗಳು ಮುಂಚೆ ಅದು ತೆರೆದುಕೊಳ್ಳುತ್ತದೆ. ಆ ದಿನ ದಾಟಿದರೆ ದೊಡ್ಡ ಪರೀಕ್ಷೆಯನ್ನೇ ಮತ್ತೆ ದುಡ್ಡು ಕೊಟ್ಟು ಬರೆಯಬೇಕು. ಆದ್ದರಿಂದ ಫಲಿತಾಂಶ ಬಂದ ದಿನವೇ ಫೋನ್ ಕ್ಯಾಲೆಂಡರ್‌ನಲ್ಲಿ ಎರಡು ನೆನಪೋಲೆ ಹಾಕಿಬಿಡಿ: ಒಂದು ನವೀಕರಣ ತೆರೆಯುವ ದಿನಕ್ಕೆ, ಇನ್ನೊಂದು ಮೂರು ತಿಂಗಳಿಗೊಮ್ಮೆ ರಿಸ್ಟೋರ್ ಅಭ್ಯಾಸಕ್ಕೆ.